ನೆಲಮಾಳಿಗೆಯ ಓಟು

ಆ ಮನೆಯಲ್ಲಿ ಇದ್ದವರು ಐದು ಜನ. ಓಟು ಇದ್ದದ್ದು ಒಬ್ಬಳಿಗೆ ಮಾತ್ರ. ಅವಳು ಮಲಗುತ್ತಿದ್ದದ್ದು ಬೇಸ್‌ಮೆಂಟಿನಲ್ಲಿ, ಮನೆಯನ್ನು ಬಿಸಿ ಮಾಡುವ ಫರ್ನೇಸಿನ ಪಕ್ಕ, ಬಟ್ಟೆ ಒಗೆಯುವ ಮಷೀನಿನ ಹಿಂದೆ.

ಅವಳ ಹೆಸರು ಸಿದ್ದೇಶ್ವರಿ. 1996ರಲ್ಲಿ ಅವಳಿಗೆ ಹದಿನೆಂಟು ತುಂಬಿತ್ತು.

ಮೇಲೆ ಇದ್ದ ಮೂವರದೂ ಭಾರತದ ಪಾಸ್‌ಪೋರ್ಟು. ಯಜಮಾನ ವೇಣುಗೋಪಾಲ ವಾಷಿಂಗ್ಟನ್ನಿನ ದೊಡ್ಡದೊಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಅಧಿಕಾರಿ. ಬಡ ದೇಶಗಳು ಯಾಕೆ ಬಡವಾಗಿಯೇ ಉಳಿದಿವೆ ಎಂದು ವರದಿ ಬರೆಯುವುದು ಅವನ ಕೆಲಸ. ಹೆಂಡತಿ ಊರ್ಮಿಳಾ. ಮಗ ಅಭಿಷೇಕ್, ಬೆಂಗಳೂರಿನಲ್ಲಿ ಹುಟ್ಟಿ ಕೈಕೂಸಾಗಿ ಇಲ್ಲಿಗೆ ಬಂದವನು, ಈಗ ಕಾಲೇಜಿನಲ್ಲಿದ್ದ. ಕೆಳಗೆ ಇದ್ದವರು ಮಲ್ಲಮ್ಮ ಮತ್ತು ಅವಳ ಮಗಳು. ಮಲ್ಲಮ್ಮನದೂ ಭಾರತದ ಪಾಸ್‌ಪೋರ್ಟೇ. ಆದರೆ ಅದು ಇದ್ದದ್ದು ವೇಣುಗೋಪಾಲನ ಬೀರುವಿನಲ್ಲಿ.

ಮಲ್ಲಮ್ಮ ಗುಲ್ಬರ್ಗಾ ಜಿಲ್ಲೆಯ ಮಾದಿಗರ ಕೇರಿಯವಳು. ಗಂಡ ಬಸಲಿಂಗಪ್ಪ ಶಹಾಬಾದಿನ ಕಲ್ಲುಗಣಿಯಲ್ಲಿ ಬಂಡೆಯಡಿ ಸಿಕ್ಕಿ ಸತ್ತ. ಆಗ ಊರ್ಮಿಳೆಯ ತಂದೆ ಗುಲ್ಬರ್ಗಾದಲ್ಲಿ ಸರ್ಕಾರಿ ಅಧಿಕಾರಿ. ಅವರ ಅಂಗಳ ಗುಡಿಸಿ, ಕಕ್ಕಸು ತೊಳೆಯುತ್ತಿದ್ದವಳು ಮಲ್ಲಮ್ಮ. ಮಗಳು ಅಳಿಯ ಅಮೆರಿಕಕ್ಕೆ ಹೊರಟಾಗ ಮಗು ಎತ್ತಿಕೊಳ್ಳಲು ಒಂದು ಆಳು ಬೇಕಾಯಿತು. ಗಂಡ ಇಲ್ಲ, ಮಕ್ಕಳಿಲ್ಲ, ಎದುರಾಡುವ ಬಾಯಿ ಇಲ್ಲ ಎಂದು ಇವಳನ್ನು ಆರಿಸಿದರು. ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸಿದೆ ಎಂದು ಮಲ್ಲಮ್ಮ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಬಿಟ್ಟು ಹೋಗುತ್ತಿದ್ದರು. ಸೀರೆ ಬಿಗಿದು ಸುತ್ತಿಕೊಂಡು ವಿಮಾನ ಹತ್ತಿದಳು. ಮಗು ಹುಟ್ಟಿದ್ದು ವಾಷಿಂಗ್ಟನ್ನಿನ ಆಸ್ಪತ್ರೆಯಲ್ಲಿ. ಆ ನೆಲದಲ್ಲಿ ಹುಟ್ಟಿದ್ದರಿಂದ ಅದು ಅಮೆರಿಕದ ಪ್ರಜೆ.

ಊರ್ಮಿಳಾ ಈ ಕಥೆಯನ್ನು ಬಂದ ನೆಂಟರಿಗೆಲ್ಲ ಹೇಳುತ್ತಿದ್ದಳು. ಅವತ್ತೇ ವಾಪಸ್ ಕಳಿಸಬಹುದಿತ್ತು, ಕಳಿಸಲಿಲ್ಲ, ಮನೆಯವರ ಹಾಗೆ ಇಟ್ಟುಕೊಂಡೆವು ಎನ್ನುತ್ತಿದ್ದಳು. ನೆಂಟರು ತಲೆದೂಗಿ ಇನ್ನೊಂದು ಬೋಂಡಾ ತೆಗೆದುಕೊಳ್ಳುತ್ತಿದ್ದರು.

ಮನೆಯವರ ಹಾಗೆ ಎಂದರೆ ಹೀಗೆ. ತಾಯಿ ಮಗಳ ತಟ್ಟೆ ಲೋಟ ಬೇಸ್‌ಮೆಂಟಿನಲ್ಲೇ ಇರಬೇಕು. ಮಲ್ಲಮ್ಮ ತರಕಾರಿ ಹೆಚ್ಚಬಹುದು, ಒಲೆಯ ಮೇಲೆ ಇಡುವಂತಿಲ್ಲ. ಮೂರು ಬಾತ್‌ರೂಮಿನ ನೆಲವನ್ನು ಮಂಡಿಯೂರಿ ಉಜ್ಜಬೇಕು, ಆ ಬಾತ್‌ರೂಮು ಬಳಸುವಂತಿಲ್ಲ. ಹಿಮ ಬಿದ್ದರೆ ಮುಂಬಾಗಿಲ ಮೆಟ್ಟಿಲು ಸಲಿಕೆಯಿಂದ ಬಾಚಬೇಕು, ಆ ಬಾಗಿಲಲ್ಲಿ ನಡೆಯುವಂತಿಲ್ಲ. ಇವರಿಬ್ಬರಿಗೆ ಇದ್ದದ್ದು ಪಕ್ಕದ ಬಾಗಿಲು, ಕಸದ ಡಬ್ಬಿಗಳ ಹತ್ತಿರ. ಹಬ್ಬದ ದಿನ ಪೂಜೆ ಮುಗಿಯುವವರೆಗೆ ಬೇಸ್‌ಮೆಂಟಿನ ಬಾಗಿಲಿಗೆ ಮೇಲಿಂದ ಚಿಲಕ ಬೀಳುತ್ತಿತ್ತು. ಬ್ಲೀಚು ತಿಂದು ಮಲ್ಲಮ್ಮನ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಮಂಡಿಗಳು ಒಂಟೆಯ ಮಂಡಿಯಂತೆ ಕಪ್ಪಾಗಿ ದಡ್ಡುಗಟ್ಟಿದ್ದವು.

ಮನೆಗೆ ಬರುವ ಮಕ್ಕಳೆಲ್ಲ ವೇಣುಗೋಪಾಲನನ್ನು ಅಂಕಲ್ ಎನ್ನುತ್ತಿದ್ದರು. ಐದು ವರ್ಷದವಳಿದ್ದಾಗ ಸಿದ್ದೇಶ್ವರಿಯೂ ಹಾಗೇ ಕರೆದಳು. ಊರ್ಮಿಳಾ ಅವಳ ಕಿವಿ ಹಿಡಿದು ತಿದ್ದಿದಳು. ಅಂದಿನಿಂದ ಅವಳಿಗೆ ಅವನು ಸಾರ್.

ಶಾಲೆ ಮಾತ್ರ ಬೇರೆ ಲೋಕ. ಅದು ಹತ್ತಿರದ ಸರ್ಕಾರಿ ಶಾಲೆ. ಅಲ್ಲಿ ಎಲ್ ಸಾಲ್ವಡಾರಿನ ಮಕ್ಕಳಿದ್ದರು, ಕರಿಯರ ಮಕ್ಕಳಿದ್ದರು, ಇಥಿಯೋಪಿಯದವರಿದ್ದರು. ಯಾರ ಮನೆಯ ಯಾವ ಬಾಗಿಲಿನಿಂದ ಬಂದೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಡೆಲ್ಮಿ ಎಂಬ ಸಾಲ್ವಡಾರಿನ ಹುಡುಗಿ ಒಂದನೇ ಕ್ಲಾಸಿನಿಂದ ಅವಳ ಗೆಳತಿ. ಡೆಲ್ಮಿಯ ತಾಯಿ ಮಾರ್ತಾ ಆಫೀಸುಗಳ ನೆಲ ಒರೆಸುತ್ತಿದ್ದಳು. ರಸ್ತೆಯ ಈ ಕಡೆ ದೊಡ್ಡ ಮನೆಗಳು, ಆ ಕಡೆ ಅಪಾರ್ಟ್‌ಮೆಂಟುಗಳು. ಡೆಲ್ಮಿಯ ಮನೆ ಆ ಕಡೆ.

ವಾಷಿಂಗ್ಟನ್ ಒಂದು ವಿಚಿತ್ರ ಊರು. ಅದು ರಾಜ್ಯವಲ್ಲ. ತನ್ನದೇ ಮೇಯರು, ತನ್ನದೇ ಕೌನ್ಸಿಲು ಇದೆ, ಜನ ಆರಿಸುತ್ತಾರೆ. ಆದರೆ ಅವರು ಮಾಡಿದ ಯಾವ ಕಾನೂನನ್ನಾದರೂ ಮೇಲಿರುವ ಕಾಂಗ್ರೆಸ್ಸು, ಅಂದರೆ ದೇಶದ ಸಂಸತ್ತು, ಹೊಡೆದುಹಾಕಬಹುದು. ಆ ಕಾಂಗ್ರೆಸ್ಸಿನಲ್ಲಿ ಈ ಊರಿನ ಪ್ರತಿನಿಧಿಗೆ ಓಟಿಲ್ಲ. ಹಿಂದಿನ ವರ್ಷ ಊರಿನ ಹಣಕಾಸು ಕೆಟ್ಟಿದೆ ಎಂದು ಮೇಯರನ ತಲೆಯ ಮೇಲೆ, ಯಾರೂ ಆರಿಸದ ಒಂದು ಮಂಡಳಿಯನ್ನು ಕೂರಿಸಿದ್ದರು. ಸಿದ್ದೇಶ್ವರಿಗೆ ಇದು ಪಾಠ ಮಾಡದೆ ಅರ್ಥವಾಯಿತು. ಇಡೀ ಊರೇ ಬೇಸ್‌ಮೆಂಟಿನಲ್ಲಿದೆ ಎಂದುಕೊಂಡಳು.

ಆ ಬೇಸಿಗೆಯಲ್ಲಿ ಮಕ್ಕಳು ಆಡುತ್ತಿದ್ದ ರಿಕ್ರಿಯೇಷನ್ ಸೆಂಟರಿಗೆ ಬೀಗ ಬಿತ್ತು. ಬೀಗ ಬಿದ್ದ ಜಾಗವನ್ನು ಪಾರ್ಕಿಂಗಿಗೆ ಕೊಡಬೇಕೆಂದು ಕೇಳಿದವನು ಹಾರ್ಲನ್ ಪ್ರೆಸ್ಕಾಟ್. ವೇಣುಗೋಪಾಲನ ಪಕ್ಕದ ಮನೆಯವನು, ನಿವೃತ್ತ ವಕೀಲ. ಆ ಊರಿನಲ್ಲಿ ಎರಡು ಸಾವಿರ ಜನಕ್ಕೊಬ್ಬರಂತೆ ಸದಸ್ಯರನ್ನು ಆರಿಸುವ ನೆರೆಹೊರೆ ಕಮಿಷನ್ ಇದೆ. ಸಂಬಳವಿಲ್ಲ. ಹೆಚ್ಚೆಂದರೆ ಸಲಹೆ ಕೊಡಬಹುದು. ಪ್ರೆಸ್ಕಾಟ್ ಆರು ವರ್ಷದಿಂದ ಎದುರಾಳಿಯೇ ಇಲ್ಲದೆ ಅಲ್ಲಿ ಕೂತಿದ್ದ. ಒಂದು ಮನೆಗೆ ಒಂದು ಕುಟುಂಬ, ಬೇಸ್‌ಮೆಂಟುಗಳಲ್ಲಿ ಸೇರಿಕೊಂಡವರನ್ನು ಖಾಲಿ ಮಾಡಿಸಬೇಕು ಎನ್ನುವುದು ಅವನ ಇನ್ನೊಂದು ಹಟ.

ಸಿದ್ದೇಶ್ವರಿ ಮತ್ತು ಡೆಲ್ಮಿ ವಸಂತದಲ್ಲೇ ಶಾಲೆಯ ಹುಡುಗ ಹುಡುಗಿಯರನ್ನು ಓಟಿಗೆ ಹೆಸರು ಬರೆಸಲು ಶುರು ಮಾಡಿದ್ದರು. ಕಾಸು ಹಾಕಿ ಬಟ್ಟೆ ಒಗೆಯುವ ಲಾಂಡ್ರೋಮ್ಯಾಟಿನ ಮುಂದೆ, ಬಸ್ ಸ್ಟಾಪಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಕೂತು ಬರೆಸಿದರು. ಎಷ್ಟೋ ಹುಡುಗರು ನಕ್ಕು ಹೋದರು. ಕೆಲವರು ಬೈದರು. ನೂರಾ ಆರು ಜನ ಬರೆಸಿದರು. ಸೆಂಟರಿಗೆ ಬೀಗ ಬಿದ್ದಮೇಲೆ ನಮ್ಮಲ್ಲೇ ಒಬ್ಬರು ನಿಲ್ಲಬೇಕು ಎಂಬ ಮಾತು ಬಂತು. ಡೆಲ್ಮಿ ಇನ್ನೂ ಪ್ರಜೆಯಾಗಿರಲಿಲ್ಲ. ಎಲ್ಲರೂ ಸಿದ್ದೇಶ್ವರಿಯ ಕಡೆ ನೋಡಿದರು.

ನಿಲ್ಲಲು ಇಪ್ಪತ್ತೈದು ಮತದಾರರ ಸಹಿ ಬೇಕು. ಅವಳು ಅರವತ್ತು ತಂದಳು. ವಿಳಾಸದ ಜಾಗದಲ್ಲಿ ತಾನು ಹುಟ್ಟಿದಾಗಿನಿಂದ ಇದ್ದ ಮನೆಯ ನಂಬರು ಬರೆದಳು. ಅದು ಸತ್ಯವಾಗಿತ್ತು. ಸತ್ಯಕ್ಕೆ ಮೇಲಿನವರ ಅಪ್ಪಣೆ ಬೇಕು ಎಂದು ಅವಳಿಗೆ ಹೊಳೆಯಲಿಲ್ಲ.

ಕಾಗದ ಕೊಟ್ಟ ಐದನೇ ದಿನ ಪ್ರೆಸ್ಕಾಟ್ ತಕರಾರು ಹಾಕಿದ. ಅಭ್ಯರ್ಥಿ ಈ ವಿಳಾಸದಲ್ಲಿ ವಾಸವಿಲ್ಲ, ಅವಳ ಹೆಸರನ್ನು ಮತಚೀಟಿಯಿಂದಲೂ ಮತದಾರರ ಪಟ್ಟಿಯಿಂದಲೂ ತೆಗೆಯಬೇಕು ಎಂದು ಬರೆದಿದ್ದ. ತಕರಾರಿನ ಜೊತೆ ಒಂದು ಪತ್ರವಿತ್ತು. ಸಿದ್ದೇಶ್ವರಿ ಎಂಬ ಹೆಸರಿನ ಯಾರೂ ನನ್ನ ಮನೆಯಲ್ಲಿ ವಾಸವಿಲ್ಲ. ಆಕೆಯ ತಾಯಿ ನಮ್ಮ ಕೆಲಸದಾಕೆ, ಆಕೆ ಆಗಾಗ ತಾಯಿಯನ್ನು ನೋಡಲು ಬರುತ್ತಾಳೆ. ಕೆಳಗೆ ವೇಣುಗೋಪಾಲನ ಸಹಿ.

ಚುನಾವಣಾ ಕಚೇರಿಯ ಗುಮಾಸ್ತೆ ಅದರ ಪ್ರತಿ ಕೊಟ್ಟಳು. ಸಿದ್ದೇಶ್ವರಿ ಅದನ್ನು ನಿಂತಲ್ಲೇ ಮೂರು ಸಲ ಓದಿದಳು. ಅಂದು ಬೆಳಿಗ್ಗೆ ಆ ಸಹಿ ಹಾಕಿದವನ ಏಳು ಅಂಗಿಗಳಿಗೆ ಅವಳೇ ಇಸ್ತ್ರಿ ಮಾಡಿ ಹೊರಟಿದ್ದಳು.

ಮನೆಗೆ ಬಂದು ನೇರ ಅಡುಗೆಮನೆಗೆ ಹೋದಳು. ವೇಣುಗೋಪಾಲ ಆಫೀಸಿನಿಂದ ಬಂದು ಕಾಫಿ ಕುಡಿಯುತ್ತಿದ್ದ. ಪತ್ರವನ್ನು ಅವನ ಮುಂದೆ ಇಟ್ಟಳು. ಅವನು ಓದುವ ನಟನೆ ಮಾಡಲಿಲ್ಲ.

"ಕೂತ್ಕೋ ಅನ್ನಲ್ಲ, ನಿಂತೇ ಕೇಳು," ಎಂದ. "ಇದು ನಿನ್ನ ಬಗ್ಗೆ ಅಲ್ಲ. ನಮ್ಮ ಆಫೀಸಿಗೆ ನಾನು ಒಂದು ಪೇಪರ್ ಸೈನ್ ಮಾಡಿದೀನಿ. ಮೇಡ್‌ಗೆ ಕಿಟಕಿ ಇರೋ ಸೆಪರೇಟ್ ರೂಮ್ ಕೊಟ್ಟಿದೀನಿ ಅಂತ. ಬೇಸ್‌ಮೆಂಟ್ ವಿಷಯ ಹೊರಗೆ ಬಂದ್ರೆ ನನ್ನ ಕೆಲಸಕ್ಕೇ ಪ್ರಾಬ್ಲಮ್. ನೀನು ವಿತ್‌ಡ್ರಾ ಮಾಡ್ಬಿಡು. ಯಾವ ದೊಡ್ಡ ಎಲೆಕ್ಷನ್ ಅದು?"

"ನಾ ಎಲ್ಲಿ ಇರ್ತೀನಿ ಸಾರ್?" ಎಂದು ಸಿದ್ದೇಶ್ವರಿ ಕೇಳಿದಳು.

"ವಾದ ಮಾಡಬೇಡ."

"ವಾದ ಅಲ್ಲ. ನಾ ಎಲ್ಲಿ ಮಲಗ್ತೀನಿ? ಅದನ್ನ ಹೇಳ್ರಿ."

ಊರ್ಮಿಳಾ ನಡುವೆ ಬಂದಳು. ಹದಿನೆಂಟು ವರ್ಷ ಅನ್ನ ಹಾಕಿದ್ದಕ್ಕೆ ಇದಾ ಪ್ರತಿಫಲ ಎಂದಳು. ಆಮೇಲೆ ದನಿ ತಗ್ಗಿಸಿ, ಮಲ್ಲಮ್ಮನ ವೀಸಾ ಈ ಮನೆಯ ಕೆಲಸಕ್ಕೆ ಕಟ್ಟಿದ್ದು, ಕೆಲಸ ಹೋದರೆ ಅವಳು ವಿಮಾನ ಹತ್ತಬೇಕಾಗುತ್ತದೆ, ನಿನ್ನ ತಾಯಿಯನ್ನು ನೀನೇ ಕಳಿಸಿದ ಹಾಗೆ ಎಂದಳು. ಇದನ್ನು ಅವಳು ತುಂಬ ಪ್ರೀತಿಯಿಂದ ಹೇಳಿದಳು. ಸಿಂಕಿನ ಹತ್ತಿರ ಮಲ್ಲಮ್ಮ ಪಾತ್ರೆ ಉಜ್ಜುತ್ತಿದ್ದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಕೈ ನಿಂತಿತ್ತು. ನಲ್ಲಿ ಹರಿಯುತ್ತಲೇ ಇತ್ತು.

ಆ ವಾರ ಗಣೇಶನ ಹಬ್ಬ. ವರ್ಜೀನಿಯಾದಿಂದ, ಮೇರಿಲ್ಯಾಂಡಿನಿಂದ ಕನ್ನಡದ ಕುಟುಂಬಗಳು ಬಂದವು. ಪೂಜೆ ಮುಗಿಯುವವರೆಗೆ ಎಂದಿನಂತೆ ಚಿಲಕ ಬಿತ್ತು. ಮುಗಿದ ಮೇಲೆ ಸಿದ್ದೇಶ್ವರಿಯನ್ನು ಮೇಲೆ ಕರೆದರು. ಎಂಜಲು ತಟ್ಟೆ ಎತ್ತಲು ಎಂದುಕೊಂಡು ಹೋದಳು. ಹಾಲಿನಲ್ಲಿ ಹನ್ನೆರಡು ಜನ ದೊಡ್ಡವರು ಕೂತಿದ್ದರು. ಟೀಪಾಯಿಯ ಮೇಲೆ ಟೈಪ್ ಮಾಡಿದ ಒಂದು ಹಾಳೆ, ಅದರ ಮೇಲೆ ಪೆನ್ನು. ಅಭ್ಯರ್ಥಿತನ ಹಿಂತೆಗೆದುಕೊಳ್ಳುವ ಪತ್ರ.

ಮಾತಾಡಿದವನು ಕೃಷ್ಣಪ್ರಸಾದ. ಅವನು ಅಲ್ಲಿನ ಕನ್ನಡ ಕೂಟದ ಅಧ್ಯಕ್ಷ. ಪ್ರತಿ ರಾಜ್ಯೋತ್ಸವಕ್ಕೂ ಶಾಲು ಹೊದ್ದು ಭಾಷಣ ಮಾಡುತ್ತಿದ್ದ. ಯುವಕರೇ ನಮ್ಮ ನಾಳೆ ಎನ್ನುತ್ತಿದ್ದ. ಕನ್ನಡ ನಮ್ಮ ಉಸಿರು ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದ. ಆ ಭಾಷಣದ ನಂತರದ ಊಟದ ಪಾತ್ರೆಗಳನ್ನು ಮೂರು ವರ್ಷ ಸಿದ್ದೇಶ್ವರಿಯೂ ಅವಳ ತಾಯಿಯೂ ತೊಳೆದಿದ್ದರು.

ಅವನು ನಯವಾಗಿ ಶುರು ಮಾಡಿದ. ಯುವಜನ ರಾಜಕೀಯಕ್ಕೆ ಬರಬೇಕು, ಅದಕ್ಕೆ ತಾನು ವಿರೋಧಿಯಲ್ಲ. ಆದರೆ ನಮ್ಮವರ ಮನೆಯ ವಿಷಯ ಬಿಳಿಯರ ಕಚೇರಿಗೆ ಹೋಗಬಾರದು, ಸಮುದಾಯದ ಮರ್ಯಾದೆ ದೊಡ್ಡದು, ಮೊದಲು ಓದು ಮುಗಿಸು ಎಂದ. ಕೂತವರು ತಲೆದೂಗಿದರು. ಅಭಿಷೇಕ್ ಅಂಗೈಯಷ್ಟು ಚಿಕ್ಕ ಒಂದು ಆಟದ ಡಬ್ಬಿಯ ಮೇಲೆ ಕಣ್ಣಿಟ್ಟು ಕೂತಿದ್ದ. ಅವನಿಗೆ ಮೊದಲು ಅನ್ನ ಉಣಿಸಿದ ಕೈ ಮಲ್ಲಮ್ಮನದು.

ಸಿದ್ದೇಶ್ವರಿ ಪೆನ್ನು ತೆಗೆದುಕೊಂಡಳು. ತಾಯಿ ವಿಮಾನ ಹತ್ತುವುದು ಕಣ್ಣ ಮುಂದೆ ಬಂತು. ಊರಿನಲ್ಲಿ ತಾಯಿಗೆ ಈಗ ಯಾರೂ ಇಲ್ಲ. ಪೆನ್ನಿನ ಮುಚ್ಚಳ ತೆಗೆದಳು. ಆಮೇಲೆ, ಓದಿ ಸಹಿ ಹಾಕುತ್ತೇನೆ ಎಂದು ಹಾಳೆ ಹಿಡಿದುಕೊಂಡು ಕೆಳಗೆ ಹೋದಳು. ಹಾಕಬೇಕೆಂದೇ ಹೋದಳು.

ಮಲ್ಲಮ್ಮ ಹಾಸಿಗೆಯ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮಗಳು ಎಲ್ಲ ಹೇಳಿದಳು. ಸಹಿ ಹಾಕಿಬಿಡುತ್ತೇನೆ, ನೀನು ಇರು, ನನಗೆ ನೀನು ಬೇಕು ಎಂದಳು. ಮಲ್ಲಮ್ಮ ಎಣ್ಣೆ ಕೈಯಲ್ಲೇ ಹಾಳೆ ಇಸಿದುಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದಳು.

"ಊರಾಗ ಒಂದ್ ಸಲ ಓಟ್ ಹಾಕಾಕ ಹೋಗಿದ್ದೆ," ಎಂದಳು. "ಬಿಸಲಾಗ ನಿಂತು ನಿಂತು ಒಳಗ ಹೋದ್ರ, ಏ ಮಲ್ಲಿ, ನಿಂದು ಆಗ್ಯಾದ ನಡಿ ಅಂದ್ರು. ಗೌಡನ ಮಂದಿ ಹಾಕಿ ಮುಗಿಸಿದ್ರು. ಅಲ್ಲಿ ನಿಂದು ಆಗ್ಯಾದ ಅಂದ್ರು. ಇಲ್ಲಿ ನೀ ಇಲ್ಲೇ ಇಲ್ಲ ಅಂತಾರ. ನಾ ಹಡದೀನಿ ನಿನ್ನ. ನೀ ಇಲ್ಲ ಅಂದ್ರ ನಾ ಏನು ಹಡದೆ?"

"ಅವ್ವ, ನಿನ್ನ ಕಳಿಸಿಬಿಡ್ತಾರ."

"ಕಳಸಲಿ. ಇಷ್ಟು ದಿನ ಎಲ್ಲಿ ಇದ್ದೆ ಅಂತೀ? ಈ ಫರ್ನೇಸಿನ ಬಾಜೂಕ ಇದ್ದೆ. ನೀ ಸಹಿ ಹಾಕಿದ್ರ ನಾ ಇಲ್ಲಿ ಇರೂದಿಲ್ಲ ನೋಡು, ಇವತ್ತ ಎದ್ದು ಹೋಗ್ತೀನಿ."

ಹಾಳೆಯನ್ನು ಅವಳು ಹರಿಯಲಿಲ್ಲ. ಮಂಡಿಯ ಎಣ್ಣೆ ಅದರಲ್ಲಿ ಒರೆಸಿಕೊಂಡು ಒಗೆಯುವ ಬಟ್ಟೆಯ ಬುಟ್ಟಿಗೆ ಎಸೆದಳು.

ವಿಚಾರಣೆ ಮುಂದಿನ ಗುರುವಾರ ಬೆಳಿಗ್ಗೆ ಹತ್ತಕ್ಕೆ. ತಾಯಿ ಮಗಳು ಎರಡು ಬಸ್ಸು ಬದಲಿಸಿ ಹೋದರು. ಹದಿನೆಂಟು ವರ್ಷದಲ್ಲಿ ಮಲ್ಲಮ್ಮ ಕೆಲಸಕ್ಕೆ ಹೇಳದೆ ತಪ್ಪಿಸಿಕೊಂಡದ್ದು ಅದೇ ಮೊದಲು. ಇದ್ದುದರಲ್ಲಿ ಚೆನ್ನಾದ ಇಳಕಲ್ ಸೀರೆ ಉಟ್ಟಿದ್ದಳು. ಮೇಲೆ ಊರ್ಮಿಳಾ ಬಿಸಾಡಿದ್ದ ಕೋಟು. ಕಂಕುಳಲ್ಲಿ ಬಟ್ಟೆಯ ಗಂಟು. ಅದೇನು ಎಂದು ಮಗಳು ಕೇಳಿದ್ದಕ್ಕೆ ಸುಮ್ಮನೆ ಇರು ಎಂದಳು.

ಕೋಣೆಯಲ್ಲಿ ಡೆಲ್ಮಿ ಮತ್ತು ಹದಿನೈದು ಹುಡುಗ ಹುಡುಗಿಯರು ಆಗಲೇ ಬಂದು ಕೂತಿದ್ದರು. ಎದುರು ಬದಿಗೆ ಪ್ರೆಸ್ಕಾಟ್. ಅವನ ಹಿಂದಿನ ಸಾಲಿನಲ್ಲಿ ವೇಣುಗೋಪಾಲ, ಪಕ್ಕದಲ್ಲಿ ಕೃಷ್ಣಪ್ರಸಾದ. ವಿಚಾರಣೆ ಮಾಡುವ ಅಧಿಕಾರಿ ನಡುವಯಸ್ಸಿನ ಕರಿಯ ಹೆಂಗಸು. ಸಿದ್ದೇಶ್ವರಿ ತನ್ನ ಮಾತು ಹೇಳಿದಳು. ಪ್ರೆಸ್ಕಾಟ್ ಪತ್ರ ತೋರಿಸಿದ. ಮನೆಯ ಯಜಮಾನನೇ ಬರೆದುಕೊಟ್ಟ ಮೇಲೆ ಇನ್ನೇನು ಬೇಕು ಎಂದ. ತಾಯಿಯ ಸಾಕ್ಷಿ ಕೇಳಬೇಕೆಂದು ಸಿದ್ದೇಶ್ವರಿ ಹೇಳಿದಳು. ತಾಯಿಗೆ ಕನ್ನಡ ಬಿಟ್ಟು ಬೇರೆ ಬಾರದು ಎಂದಳು. ಹಾಗೆಂದೇ ಅವಳೂ ನಂಬಿದ್ದಳು.

ಕಚೇರಿಯವರ ಬಳಿ ಇದ್ದ ದುಭಾಷಿಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಭ್ಯರ್ಥಿಯೇ ತನ್ನ ಸಾಕ್ಷಿಗೆ ದುಭಾಷಿ ಆಗುವಂತಿಲ್ಲ ಎಂದು ಅಧಿಕಾರಿ ಹೇಳಿದಳು. ಬೇರೆ ದಿನಕ್ಕೆ ಹಾಕೋಣವೇ ಎಂದು ಕೇಳುವಷ್ಟರಲ್ಲಿ ಕೃಷ್ಣಪ್ರಸಾದ ಎದ್ದು ನಿಂತ. ತಾನು ಕನ್ನಡ ಕೂಟದ ಅಧ್ಯಕ್ಷ, ಯಾವ ಪಕ್ಷದವನೂ ಅಲ್ಲ, ಭಾಷೆಯ ಸೇವೆ ಎಂದು ಮಾಡುತ್ತೇನೆ ಎಂದ. ಸರಿಯಾಗಿ ಹೇಳುತ್ತೇನೆಂದು ಪ್ರಮಾಣವನ್ನೂ ಮಾಡಿದ. ಸಿದ್ದೇಶ್ವರಿ ಒಂದು ಕ್ಷಣ ತಡೆದಳು. ದೇವರ ಮೇಲೆ ಆಣೆ ಇಟ್ಟವನು ಇಷ್ಟು ಜನರ ಮುಂದೆ ಸುಳ್ಳು ಹೇಳಲಾರ ಎಂದುಕೊಂಡಳು. ಒಪ್ಪಿದಳು.

ಎಲ್ಲಿ ವಾಸ, ಮಗಳು ಎಲ್ಲಿ ಮಲಗುತ್ತಾಳೆ ಎಂಬುದು ಮೊದಲ ಪ್ರಶ್ನೆ.

"ಇವರ ಮನಿ ಬೇಸ್‌ಮೆಂಟಿನಾಗ ಇರ್ತೀವ್ರಿ," ಎಂದಳು ಮಲ್ಲಮ್ಮ. "ನಾನೂ ನನ್ನ ಮಗಳೂ. ಹುಟ್ಟಿದಾಗಿಂದ ಅಕಿ ಬ್ಯಾರೆ ಕಡಿ ಮಲಗಿಲ್ಲ."

ಕೃಷ್ಣಪ್ರಸಾದ ಗಂಟಲು ಸರಿ ಮಾಡಿಕೊಂಡ. ಈಕೆ ಆ ಮನೆಯಲ್ಲಿ ಇದ್ದು ಕೆಲಸ ಮಾಡುತ್ತಾಳೆ, ಮಗಳು ಚಿಕ್ಕಂದಿನಿಂದ ಅಲ್ಲಿಗೆ ಬಂದು ಹೋಗುತ್ತಾಳೆ, ಕೆಲವು ಸಲ ಉಳಿಯುವುದೂ ಉಂಟು ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದ.

ಸಿದ್ದೇಶ್ವರಿ ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿ ಎರಡನೇ ಪ್ರಶ್ನೆ ಕೇಳಿಯಾಗಿತ್ತು. ಮಗಳ ಬಳಿ ಮನೆಯ ಕೀಲಿ ಇದೆಯೇ?

"ಕೀಲಿ ಕೊಟ್ಟಿಲ್ರಿ ನಮಗ. ಇಬ್ಬರಿಗೂ ಕೊಟ್ಟಿಲ್ಲ. ಕಸದ ಡಬ್ಬಿ ಕಡಿ ಬಾಗಲದಾಗ ಬರ್ತೀವಿ, ಒಳಗಿಂದ ಅವರು ತಗದ್ರ ಬರೂದು."

"ಮಗಳ ಬಳಿ ಕೀಲಿ ಇಲ್ಲವಂತೆ," ಎಂದ ಕೃಷ್ಣಪ್ರಸಾದ ಇಂಗ್ಲಿಷಿನಲ್ಲಿ. ಅಷ್ಟೇ ಹೇಳಿ ನಿಲ್ಲಿಸಿದ.

ಪ್ರೆಸ್ಕಾಟ್ ಹಾಳೆಯ ಮೇಲೆ ಏನೋ ಗುರುತು ಹಾಕಿಕೊಂಡ. ಸಿದ್ದೇಶ್ವರಿ ಎದ್ದು ನಿಂತಳು. ಇವನು ಸುಳ್ಳು ಹೇಳುತ್ತಿದ್ದಾನೆ ಎಂದಳು. ವಕೀಲ ಪ್ರೆಸ್ಕಾಟ್ ಆಕ್ಷೇಪಣೆ ಎತ್ತಿದ. ದುಭಾಷಿಗೆ ಈ ವ್ಯವಹಾರದಲ್ಲಿ ಯಾವ ಲಾಭವೂ ಇಲ್ಲ, ಹುಡುಗಿಗೆ ಇದೆ ಎಂದ. ಅಧಿಕಾರಿ ಇಬ್ಬರನ್ನೂ ಕೂರಿಸಲು ಕೈ ಎತ್ತಿದಳು.

ಆಗ ಮಲ್ಲಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಕೃಷ್ಣಪ್ರಸಾದನ ಕಡೆ ನೋಡಲಿಲ್ಲ. ಅಧಿಕಾರಿಯ ಕಡೆ ನೋಡಿದಳು.

"ನೋ ಮೇಡಂ," ಎಂದಳು. "ದಿಸ್ ಮ್ಯಾನ್ ನೋ ಸೇ ಮೈ ವರ್ಡ್. ಐ ಟಾಕ್."

ಸಿದ್ದೇಶ್ವರಿ ತಾಯಿಯ ಬಾಯಿಂದ ಇಂಗ್ಲಿಷು ಕೇಳಿದ್ದು ಅದೇ ಮೊದಲು. ಆಮೇಲೆ ಅವಳಿಗೆ ಅರ್ಥವಾಯಿತು. ಹದಿನೆಂಟು ವರ್ಷ ಟೀವಿಯ ಕೆಳಗೆ ನೆಲ ಒರೆಸಿದವಳು, ಊಟದ ಮೇಜಿನ ಹಿಂದೆ ನಿಂತವಳು, ಫೋನಿನ ಮಾತು ಕೇಳಿದವಳು ಅವಳು. ಎಲ್ಲ ತಿಳಿಯುತ್ತಿತ್ತು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

"ಬೇಸ್‌ಮೆಂಟ್ ಐ ಸ್ಲೀಪ್," ಎಂದಳು ಮಲ್ಲಮ್ಮ. ಒಂದೊಂದೇ ಮಾತನ್ನು ಕಲ್ಲು ಇಟ್ಟ ಹಾಗೆ ಇಟ್ಟಳು. "ಮೈ ಡಾಟರ್ ಸ್ಲೀಪ್. ಎವ್ವೆರಿ ನೈಟ್. ಏಟೀನ್ ಇಯರ್. ನೋ ವಿಂಡೋ. ನೋ ಕೀ ಮೀ, ನೋ ಕೀ ಮೈ ಡಾಟರ್. ಹೀ ನೋ. ಹೀ ಆಲ್ ನೋ." ಎರಡನೇ ಸಲ 'ಹೀ' ಎಂದಾಗ ಅವಳ ಬೆರಳು ವೇಣುಗೋಪಾಲನ ಕಡೆ ತಿರುಗಿತ್ತು. ಅವನಿಗೆ ಎಲ್ಲ ಗೊತ್ತು ಎಂದು ಅವಳು ಹೇಳುತ್ತಿದ್ದಳು. ಅದನ್ನು ಯಾರೂ ಅನುವಾದಿಸಬೇಕಾಗಿರಲಿಲ್ಲ.

ಗಂಟು ಬಿಚ್ಚಿ ಮೇಜಿನ ಮೇಲೆ ಹರಡಿದಳು. ಸಿದ್ದೇಶ್ವರಿಯ ಶಾಲೆಯ ಅಂಕಪಟ್ಟಿಗಳು. ಹನ್ನೆರಡು ವರ್ಷದವು, ಒಂದೂ ಬಿಡದೆ. ಪ್ರತಿಯೊಂದರ ಮೇಲೆ ಆ ಮನೆಯ ವಿಳಾಸ. ಮಲ್ಲಮ್ಮನಿಗೆ ಸಹಿ ಬಾರದೆಂದು ಪೋಷಕರ ಜಾಗದಲ್ಲಿ ಸಹಿ ಮಾಡುತ್ತಿದ್ದವನು ವೇಣುಗೋಪಾಲ. ಅಧಿಕಾರಿ ಪತ್ರವನ್ನು ಪಕ್ಕದಲ್ಲಿಟ್ಟು ಒಂದೊಂದೇ ಹಾಳೆ ತಿರುವಿದಳು. ಸಹಿಯ ಬಾಲ ಎಲ್ಲದರಲ್ಲೂ ಒಂದೇ ಥರ ಬಲಕ್ಕೆ ಬಾಗಿತ್ತು. ತಲೆ ಎತ್ತಿ ಕೃಷ್ಣಪ್ರಸಾದನಿಗೆ ಇನ್ನು ಕೂರಿ ಎಂದಳು. ಅವನಿಗೆ ಕುರ್ಚಿ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು.

ತಕರಾರು ವಜಾ ಆಯಿತು.

ತಾಯಿ ಮಗಳು ಮನೆ ಮುಟ್ಟುವಷ್ಟರಲ್ಲಿ ಅವರ ಸಾಮಾನು ಪಕ್ಕದ ಬಾಗಿಲಲ್ಲಿ ಕಸದ ಡಬ್ಬಿಗಳ ಸಾಲಿಗೆ ಇತ್ತು. ನಾಲ್ಕು ಕಪ್ಪು ಪ್ಲಾಸ್ಟಿಕ್ ಚೀಲ. ಸಿದ್ದೇಶ್ವರಿ ಚೀಲ ಎತ್ತಲು ಹೋದಳು. ಮಲ್ಲಮ್ಮ ತಡೆದಳು. ಸುತ್ತು ಹಾಕಿ ಮುಂಬಾಗಿಲಿಗೆ ಹೋಗಿ, ತಾನು ಹದಿನೆಂಟು ಚಳಿಗಾಲ ಹಿಮ ಬಾಚಿದ ಮೆಟ್ಟಿಲು ಹತ್ತಿ, ಬೆಲ್ ಒತ್ತಿದಳು. ಒತ್ತಿದ ಬೆರಳು ತೆಗೆಯಲಿಲ್ಲ. ಊರ್ಮಿಳಾ ಬಾಗಿಲು ತೆಗೆದಳು.

"ನನ್ನ ಪಾಸ್‌ಪೋರ್ಟ್ ಕೊಡ್ರಿ," ಎಂದಳು ಮಲ್ಲಮ್ಮ.

ಊರ್ಮಿಳಾ ಅಳಲು ಶುರು ಮಾಡಿದಳು. ನಿನ್ನನ್ನು ಅಕ್ಕನ ಥರ ನೋಡಿದೆ, ಹೀಗೆ ಬೀದಿಗೆ ತಂದೆಯಲ್ಲ ಎಂದಳು. ಮಲ್ಲಮ್ಮ ಅವಳ ಅಳು ಮುಗಿಯುವವರೆಗೆ ಕಾದಳು. ಅಳುವವರನ್ನು ಸಂತೈಸುವುದೂ ಇಷ್ಟು ದಿನ ಅವಳ ಕೆಲಸಗಳಲ್ಲಿ ಒಂದಾಗಿತ್ತು. ಇಂದು ಅದನ್ನು ಮಾಡಲಿಲ್ಲ. ಮತ್ತೆ ಅದೇ ಮಾತು ಹೇಳಿದಳು. ಪಾಸ್‌ಪೋರ್ಟು ಬಂತು.

ಸಿದ್ದೇಶ್ವರಿಗೆ ಇನ್ನೊಂದು ಕಷ್ಟವಿತ್ತು. ಚುನಾವಣೆಯವರೆಗೆ ಆ ವಲಯದ ಗಡಿಯೊಳಗೇ ವಾಸ ಇರಬೇಕು. ರಸ್ತೆ ದಾಟಿದರೆ ಡೆಲ್ಮಿಯ ಅಪಾರ್ಟ್‌ಮೆಂಟು, ಅದು ಗಡಿಯೊಳಗಿತ್ತು. ಎರಡು ಕೋಣೆಯಲ್ಲಿ ಆಗಲೇ ಆರು ಜನ. ಮಾರ್ತಾ ಸೋಫಾ ಗೋಡೆಗೆ ಸರಿಸಿ ನೆಲದ ಮೇಲೆ ಹಾಸಿಗೆ ಹಾಕಿದಳು. ಮಾರನೆಯ ದಿನ ಸಿದ್ದೇಶ್ವರಿ ಚುನಾವಣಾ ಕಚೇರಿಗೆ ಹೋಗಿ ಹೊಸ ವಿಳಾಸ ಬರೆಸಿ ಬಂದಳು. ಮಲ್ಲಮ್ಮನಿಗೆ ಈಗ ಈ ದೇಶದಲ್ಲಿ ಇರಲು ಕಾಗದವಿರಲಿಲ್ಲ. ಮಗಳಿಗೆ ಇಪ್ಪತ್ತೊಂದು ತುಂಬುವವರೆಗೆ ತಾಯಿಯನ್ನು ಇಲ್ಲಿ ಉಳಿಸಿಕೊಳ್ಳಲು ಅವಳು ಅರ್ಜಿ ಹಾಕುವಂತೆಯೂ ಇರಲಿಲ್ಲ. ಪೊಲೀಸ್ ಕಾರು ನಿಧಾನ ಮಾಡಿದರೆ ಅವಳ ನಡಿಗೆಯೂ ನಿಧಾನವಾಗುತ್ತಿತ್ತು. ಮಾರ್ತಾ ಹೋಗುತ್ತಿದ್ದ ಆಫೀಸುಗಳಿಗೆ ತಾನೂ ನೆಲ ಒರೆಸಲು ಹೋದಳು. ಅಲ್ಲಿ ಮಾಪಿಗೆ ಉದ್ದ ಕೋಲಿತ್ತು. ಮಂಡಿಯೂರಬೇಕಾಗಿರಲಿಲ್ಲ.

ನವೆಂಬರ್ ಐದರಂದು ಓಟು. ದೊಡ್ಡ ಮನೆಗಳವರು ಬೆಳಿಗ್ಗೆ ಕಾರಿನಲ್ಲಿ ಬಂದು ಹಾಕಿ ಹೋದರು. ಹನ್ನೆರಡು ಗಂಟೆಯವರೆಗೆ ಹುಡುಗರ ಸುಳಿವಿರಲಿಲ್ಲ. ಡೆಲ್ಮಿ ಅಪಾರ್ಟ್‌ಮೆಂಟಿನ ಪ್ರತಿ ಬಾಗಿಲು ಬಡಿದಳು. ಮಧ್ಯಾಹ್ನದ ಮೇಲೆ ಬಂದರು. ಹೋಟೆಲಿನ ಏಪ್ರನ್ನು ಕಟ್ಟಿಕೊಂಡವರು, ಕಂಕುಳಲ್ಲಿ ಕೂಸಿದ್ದವರು, ಕಿವಿಗೆ ಹಾಡು ಸಿಕ್ಕಿಸಿಕೊಂಡವರು. ಓಟಿಲ್ಲದ ಮಲ್ಲಮ್ಮ ಬೂತಿನಿಂದ ಐವತ್ತು ಅಡಿ ಆಚೆ ಎಳೆದ ಗೆರೆಯ ಹೊರಗೆ ಬೆಳಿಗ್ಗೆಯಿಂದ ನಿಂತಿದ್ದಳು. ಕುರ್ಚಿ ಕೊಟ್ಟರೆ ಕೂರಲಿಲ್ಲ.

ಹದಿನಾಲ್ಕು ಓಟಿನಿಂದ ಸಿದ್ದೇಶ್ವರಿ ಗೆದ್ದಳು.

ಗೆದ್ದು ಸಿಕ್ಕಿದ್ದು ಏನು? ಸಲಹೆ ಕೊಡುವ ಒಂದು ಕುರ್ಚಿ. ಅದೇ ತಿಂಗಳು ಆ ಊರಿನ ಜನ ಆರಿಸಿದ್ದ ಶಾಲಾ ಮಂಡಳಿಯ ಅಧಿಕಾರವನ್ನು ಮೇಲೆ ಕೂರಿಸಿದ್ದ ಮಂಡಳಿ ಕಿತ್ತುಕೊಂಡಿತು. ಹಾಗಾದರೆ ನಾವು ಓಟು ಹಾಕಿದ್ದು ಯಾಕೆ ಎಂದು ಹುಡುಗರು ಕೇಳಿದರು. ಸಿದ್ದೇಶ್ವರಿ ಅವರಿಗೆ ಸಮಾಧಾನ ಹೇಳಲಿಲ್ಲ. ಕಿತ್ತುಕೊಳ್ಳುವವರಿಗೆ ನಮ್ಮ ಮುಖ ಗೊತ್ತಿರಲಿ ಎಂದಳು. ಅವರನ್ನು ಕರೆದುಕೊಂಡು ಬೀಗ ಹಾಕಿದ ಸೆಂಟರಿನ ಮುಂದೆ ಪ್ರತಿ ಶನಿವಾರ ನಿಂತಳು. ಏಪ್ರಿಲಿನಲ್ಲಿ, ವಾರಕ್ಕೆ ಮೂರು ದಿನ ಮಾತ್ರ ಎಂದು ಬೀಗ ತೆಗೆದರು.

ಯುಗಾದಿಗೆ ಮುಂಚೆ ಕೃಷ್ಣಪ್ರಸಾದ ಮಾರ್ತಾಳ ಮನೆಗೆ ಫೋನ್ ಮಾಡಿದ್ದ. ಏನೂ ಆಗಿಲ್ಲದವನಂತೆ ಮಾತಾಡಿದ.

"ಕಂಗ್ರ್ಯಾಚುಲೇಷನ್ಸ್ ಅಮ್ಮ. ಈ ಸಲ ಯುಗಾದಿ ಪ್ರೋಗ್ರಾಮ್‌ಗೆ ನಿನಗೆ ಸನ್ಮಾನ ಇಟ್ಟಿದೀವಿ. ಅಮೆರಿಕದಲ್ಲಿ ಎಲೆಕ್ಷನ್ ಗೆದ್ದ ನಮ್ಮ ಕನ್ನಡದ ಹುಡುಗಿ ಅಂತ. ತಾಯೀನೂ ಕರ್ಕೊಂಡು ಬಾ. ಸ್ಟೇಜ್ ಮೇಲೇ ಕೂರಿಸ್ತೀವಿ."

ಸಿದ್ದೇಶ್ವರಿ ರಿಸೀವರಿನ ಬಾಯಿ ಮುಚ್ಚಿ ತಾಯಿಗೆ ಹೇಳಿದಳು. ಮಲ್ಲಮ್ಮ ಕೆಲಸಕ್ಕೆ ಹೊರಡಲು ಶೂ ಕಟ್ಟಿಕೊಳ್ಳುತ್ತಿದ್ದಳು. ಎದ್ದು ಬಂದು ಫೋನ್ ತೆಗೆದುಕೊಂಡಳು.

"ನಾ ಅವತ್ತು ಆ ಮೇಡಂ ಮುಂದ ಕನ್ನಡದಾಗ ಎರಡು ಮಾತು ಹೇಳಿದ್ನೆಲ್ರಿ," ಎಂದಳು. "ಮನಿ ಮಾತೊಂದು, ಕೀಲಿ ಮಾತೊಂದು. ಅವೆರಡನ್ನ ನಾ ಹೇಳಿದಂಗ ಇಂಗ್ಲಿಷಿನಾಗ ಬರದು, ಕೆಳಗ ನಿಮ್ಮ ಹೆಸರ ಹಾಕಿ, ಆ ಆಫೀಸಿಗೆ ಕೊಟ್ಟು ಬರ್ರಿ. ಆಮ್ಯಾಲ ಸ್ಟೇಜಿನ ಮಾತು."

ಆ ಕಡೆ ಫೋನ್ ಇಟ್ಟ ಸದ್ದು ಕೇಳಿಸಿತು.

ಅವನು ಬರೆದುಕೊಡಲಿಲ್ಲ. ಇವರು ಹೋಗಲಿಲ್ಲ. ಫೋನ್ ಬಂದ ಆ ದಿನ ಮಲ್ಲಮ್ಮನಿಗೆ ಐದು ನಿಮಿಷದಲ್ಲಿ ಬಸ್ಸು ತಪ್ಪಿತು. ಕೆಲಸದ ಜಾಗಕ್ಕೆ ನಡೆದೇ ಹೋದಳು.